ಡಿಸೆಂಬರ್ ಬಿಡಿ, ಫೆಬ್ರವರಿ ಹಿಡಿಯಿರಿ

ಮಕ್ಕಳಿಗೆ ಹಿಮ ತೋರಿಸಬೇಕು, ಸಾಧ್ಯವಾದರೆ ನಾಲ್ಕು ದಿನ ಸ್ಕೀಯಿಂಗ್ ಕಲಿಸಬೇಕು, ಹೋದ ದಾರಿಯಲ್ಲೇ ದೆಹಲಿಯನ್ನೂ ಸುತ್ತಿಸಿಕೊಂಡು ಬರಬೇಕು ಎಂಬ ಆಸೆ ಈಗ ನಮ್ಮ ಮಧ್ಯಮ ವರ್ಗದ ಅನೇಕ ಮನೆಗಳಲ್ಲಿದೆ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಖರ್ಚಿನ ಪಟ್ಟಿ ಹಾಕಲು ಕೂತಾಗ ಹೋಟೆಲ್ ಬಗ್ಗೆ ಚರ್ಚೆಯಾಗುತ್ತದೆ, ವಿಮಾನದ ದರದ ಬಗ್ಗೆ ಆಗುತ್ತದೆ, ಜಾಕೆಟ್ ಎಲ್ಲಿ ಕೊಳ್ಳಬೇಕು ಎನ್ನುವುದೂ ಬರುತ್ತದೆ. ತಾರೀಖಿನ ಮಾತು ಮಾತ್ರ ಬರುವುದೇ ಇಲ್ಲ. ಕ್ರಿಸ್‌ಮಸ್‌ಗೆ ಶಾಲೆಗೆ ರಜೆ ಇದೆ, ಆದ್ದರಿಂದ ಡಿಸೆಂಬರ್ ಕೊನೆಯ ವಾರ ಎಂದು ಮೊದಲೇ ತೀರ್ಮಾನವಾಗಿರುತ್ತದೆ. ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಹಣ ಹೋಗುವುದು ಹೀಗೆ ಯಾರೂ ಯೋಚಿಸದೆ ಮಾಡಿದ ಈ ತೀರ್ಮಾನದಿಂದಲೇ. ದೆಹಲಿ ಮತ್ತು ಕಾಶ್ಮೀರದ ಗುಲ್ಮಾರ್ಗ್ ಪ್ರವಾಸವನ್ನು ಗಣರಾಜ್ಯೋತ್ಸವ ಕಳೆದ ಮೇಲಿನ ಮೂರು ವಾರಗಳಿಗೆ ಸರಿಸಿದರೆ ಅದೇ ಹಣಕ್ಕೆ ಹೆಚ್ಚು ಹಿಮ, ಹೆಚ್ಚು ದಿನ, ಕಡಿಮೆ ತಲೆನೋವು ಸಿಗುತ್ತದೆ ಎಂಬುದು ನನ್ನ ವಾದ.

ಮೊದಲು ಹಿಮದ ಲೆಕ್ಕ. ಗುಲ್ಮಾರ್ಗ್ ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಇಳಿಜಾರುಗಳು ನೆಚ್ಚಿಕೊಂಡಿರುವುದು ಆಕಾಶದಿಂದ ಬೀಳುವ ಹಿಮವನ್ನು. ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ವಾಯುಭಾರ ಕುಸಿತಗಳು ಒಂದಾದ ಮೇಲೊಂದು ಹಾದುಹೋದಂತೆ ಪದರದ ಮೇಲೆ ಪದರ ಕೂರುತ್ತದೆ. ಕಾಶ್ಮೀರಿಗಳು ಚಳಿಗಾಲದ ಕಟುವಾದ ನಲವತ್ತು ದಿನಗಳನ್ನು ಚಿಲ್ಲೈ ಕಲಾನ್ ಎನ್ನುತ್ತಾರೆ. ಅದು ಶುರುವಾಗುವುದು ಡಿಸೆಂಬರ್ 21ಕ್ಕೆ, ಮುಗಿಯುವುದು ಜನವರಿ ಕೊನೆಗೆ. ಎಂದರೆ ನಾವು ಕ್ರಿಸ್‌ಮಸ್ ರಜೆಗೆ ಅಲ್ಲಿ ಇಳಿಯುವ ಹೊತ್ತಿಗೆ ಚಳಿಗಾಲ ಇನ್ನೂ ಕಣ್ಣು ಬಿಡುತ್ತಿರುತ್ತದೆ. ನೋಡಲು, ಫೋಟೊ ತೆಗೆಯಲು ಒಂದು ಅಡಿ ಹಿಮ ಸಾಕು. ಸ್ಕೀ ಕಲಿಯಲು ಕಲ್ಲು, ಹುಲ್ಲು ಮುಚ್ಚಿಹೋಗುವಷ್ಟು ಗಟ್ಟಿಯಾದ ತಳ ಬೇಕು. ಅದು ಸಾಮಾನ್ಯವಾಗಿ ಸಿದ್ಧವಾಗುವುದು ಚಿಲ್ಲೈ ಕಲಾನ್ ಮುಗಿಯುವ ಸುಮಾರಿಗೆ. ಗುಲ್ಮಾರ್ಗ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ 2024ರಲ್ಲಿ ಜರುಗಿದ್ದೂ ಫೆಬ್ರವರಿ 21ರಿಂದ 25ರವರೆಗೆ.

ಹಿಮದ ವಿಷಯದಲ್ಲಿ ಫೆಬ್ರವರಿ ಗ್ಯಾರಂಟಿಯೇ ಎಂದು ಕೇಳಿದರೆ, ಅಲ್ಲ ಎಂದೇ ಹೇಳಬೇಕು. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುಕಾಲ ಒಣಗಿ ಕಂದಾಗಿತ್ತು, ಹಿಮ ಬಂದದ್ದು ತಿಂಗಳ ಕೊನೆಗೆ. 2025ರಲ್ಲಿ ಹಿಮವಿಲ್ಲದ್ದರಿಂದ ಫೆಬ್ರವರಿಯ ಕ್ರೀಡಾಕೂಟವನ್ನೇ ಮುಂದೂಡಿ ಮಾರ್ಚ್ 9ರಿಂದ 12ರವರೆಗೆ ನಡೆಸಬೇಕಾಯಿತು. ಅದೇ ಋತುವಿನ 2024ರ ಡಿಸೆಂಬರ್ ಕೊನೆಯಲ್ಲಿ ಮಾತ್ರ ಹಿಮ ಎಷ್ಟು ಸುರಿಯಿತೆಂದರೆ ಶ್ರೀನಗರದ ವಿಮಾನಗಳು ರದ್ದಾದವು, ಪ್ರವಾಸಿಗರು ರಸ್ತೆಯಲ್ಲೇ ಸಿಕ್ಕಿಕೊಂಡರು. ಇದನ್ನೇ ಹಿಡಿದು, ಹಾಗಾದರೆ ಡಿಸೆಂಬರ್ ಆದರೇನು, ಫೆಬ್ರವರಿ ಆದರೇನು ಎನ್ನುವವರಿದ್ದಾರೆ. ನನಗೆ ಈ ಉದಾಹರಣೆಗಳು ಹೇಳುವುದು ಬೇರೆಯನ್ನೇ. ಹಿಮ ಕೈಕೊಡುವ ಸಾಧ್ಯತೆ ಎರಡೂ ಕಡೆ ಇದೆ. ಆದರೆ ಡಿಸೆಂಬರ್‌ನಲ್ಲಿ ಆ ಅಪಾಯವನ್ನು ವರ್ಷದ ಅತಿ ದುಬಾರಿ ದರ ತೆತ್ತು, ಬಹುಪಾಲು ವಾಪಸ್ ಸಿಗದ ಮುಂಗಡ ಕೊಟ್ಟು ಕೊಳ್ಳುತ್ತೇವೆ. ಹೊಸ ವರ್ಷದ ವಾರಕ್ಕೆ ಕೊಠಡಿ ಬೇಕೆಂದರೆ ತಿಂಗಳುಗಳ ಮೊದಲೇ, ಹಿಮ ಬೀಳುತ್ತದೋ ಇಲ್ಲವೋ ತಿಳಿಯುವ ಮುನ್ನವೇ, ಹಣ ಕಟ್ಟಬೇಕು. ಫೆಬ್ರವರಿಗೆ ಹೊರಡುವವರು ಜನವರಿ ಮಧ್ಯದ ಹಿಮ ನೋಡಿಕೊಂಡು ಅಂತಿಮ ನಿರ್ಧಾರ ಮಾಡಬಹುದು. ರದ್ದು ಮಾಡಿದರೆ ಹಣ ಹಿಂದಿರುಗಿಸುವ ದರದಲ್ಲಿ ಕೊಠಡಿ ಹಿಡಿದಿಟ್ಟರೆ, ಕೆಟ್ಟ ವರ್ಷದಲ್ಲಿ ಆಗುವ ನಷ್ಟ ಸಣ್ಣದಾಗಿ ಉಳಿಯುತ್ತದೆ.

ಬೆಲೆಯ ವಿಷಯದಲ್ಲೂ ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ: ಫೆಬ್ರವರಿಯ ಗುಲ್ಮಾರ್ಗ್ ಅಗ್ಗವೇನಲ್ಲ. ಕೊಠಡಿಗಳು ಕಡಿಮೆ, ವಿದೇಶದಿಂದ ಸ್ಕೀ ಮಾಡಲೆಂದೇ ಬರುವವರೂ ಅದೇ ಹೊತ್ತಿಗೆ ಇರುತ್ತಾರೆ. ಉಳಿತಾಯವಾಗುವುದು ಬೇರೆ ಕಡೆ. ವರ್ಷಾಂತ್ಯದ ವಿಮಾನ ದರ ಇಲ್ಲ. ಮಕ್ಕಳಿಗೆ ಎರಡು ವರ್ಷ ದಾಟಿದರೆ ದೇಶದೊಳಗಿನ ವಿಮಾನಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ಟಿಕೆಟ್ಟೇ. ಹಾಗಾಗಿ ದರ ಏರಿದರೆ ಅದು ನಾಲ್ಕು ಜನರಿಗೆ, ಹೋಗಿಬರುವ ಎರಡೂ ಕಡೆಗೆ ಏರುತ್ತದೆ. ಡಿಸೆಂಬರ್ 24 ಮತ್ತು 31ರ ರಾತ್ರಿ ಅನೇಕ ಹೋಟೆಲ್‌ಗಳು ತಲೆಗಿಷ್ಟು ಎಂದು ಕಡ್ಡಾಯವಾಗಿ ವಸೂಲು ಮಾಡುವ ಗಾಲಾ ಡಿನ್ನರ್ ಶುಲ್ಕವೂ ಇಲ್ಲ. ಕೊಠಡಿ ಬಾಡಿಗೆಯಲ್ಲಿ ಇನ್ನೊಂದು ಗೆರೆ ಇದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18. 7,400 ರೂಪಾಯಿಯ ಕೊಠಡಿಗೆ ಕೈಯಿಂದ ಹೋಗುವುದು 7,770. ಅದೇ ಕೊಠಡಿ ಸೀಸನ್ ಹೆಸರಿನಲ್ಲಿ 8,000 ಆದರೆ ತೆರಬೇಕಾದ್ದು 9,440. ಬಾಡಿಗೆ ಏರಿದ್ದು 600 ರೂಪಾಯಿ, ಬಿಲ್ ಏರಿದ್ದು 1,670. ನಾಲ್ಕು ರಾತ್ರಿಗೆ 6,680. ಈ ಗೆರೆಯ ಕೆಳಗೆ ಕೊಠಡಿ ಸಿಗುವ ಸಾಧ್ಯತೆ ಹೊಸ ವರ್ಷದ ವಾರಕ್ಕಿಂತ ಫೆಬ್ರವರಿಯ ನಡುವಾರದಲ್ಲಿ ಖಂಡಿತ ಹೆಚ್ಚು. ದೆಹಲಿಯಲ್ಲಂತೂ ಇನ್ನೂ ಹೆಚ್ಚು.

ಉಳಿದ ಹಣವನ್ನು ಎಲ್ಲಿ ಹಾಕಬೇಕು ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ: ಗುಲ್ಮಾರ್ಗ್‌ನ ದಿನಗಳಿಗೆ. ನಮ್ಮ ಕಡೆಯ ಹೆಚ್ಚಿನ ಪ್ಯಾಕೇಜ್‌ಗಳಲ್ಲಿ ಗುಲ್ಮಾರ್ಗ್ ಎಂದರೆ ಶ್ರೀನಗರದಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್. 13 ಕಿಲೋಮೀಟರ್ ಕೆಳಗಿರುವ ತಂಗ್‌ಮಾರ್ಗ್‌ನಲ್ಲಿ ಗಾಡಿ ನಿಲ್ಲುತ್ತದೆ. ರಸ್ತೆಯಲ್ಲಿ ಹಿಮವಿದ್ದರೆ ಚಕ್ರಕ್ಕೆ ಸರಪಳಿ ಬಿಗಿದ ಬೇರೆ ಗಾಡಿ ಹಿಡಿಯಬೇಕು. ಅಲ್ಲಿಯೇ ಉದ್ದನೆಯ ಕೋಟು, ಗಮ್‌ಬೂಟು ಬಾಡಿಗೆಗೆ. ಮೇಲೆ ಹೋದ ಮೇಲೆ ಗೊಂಡೋಲಾ (ಕೇಬಲ್ ಕಾರ್) ಸಾಲು, ಜಾರುಬಂಡಿಯವರೊಂದಿಗೆ ಚೌಕಾಸಿ, ಒಂದು ಗಂಟೆ ಸ್ಕೀ ಕಟ್ಟಿಕೊಂಡು ನಿಂತ ಫೋಟೊ. ಅಷ್ಟರಲ್ಲಿ ಮೂರು ಗಂಟೆ. ಸ್ಕೀ ಕಲಿಕೆ ಹೀಗೆ ಆಗುವಂಥದ್ದಲ್ಲ. ಮೊಣಕಾಲಿನ ಕೆಳಗಿನವರೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಬೂಟು, ಅದರ ಕೊಕ್ಕೆಗಳನ್ನು ಒಂದೊಂದಾಗಿ ಬಿಗಿದಾಗ ಹಿಮ್ಮಡಿ ಅಲುಗಾಡಬಾರದು, ಬೆರಳುಗಳಿಗೆ ಮಾತ್ರ ತುಸು ಜಾಗ ಇರಬೇಕು. ಸರಿಯಾದ ಜೋಡಿ ಸಿಗುವವರೆಗೆ ಮಕ್ಕಳಿಗೆ ಎರಡು ಮೂರು ಬೂಟು ಹಾಕಿ ನೋಡಬೇಕಾಗುತ್ತದೆ. ಮೊದಲ ದಿನವೆಲ್ಲ ಬೀಳುವುದು, ಪಕ್ಕಕ್ಕೆ ಹೊರಳಿ ಏಳುವುದು, ಸ್ಕೀಗಳ ಮುಂತುದಿ ಕೂಡಿಸಿ ಹಿಂದುಗಡೆ ಅಗಲಿಸಿ ವೇಗ ತಗ್ಗಿಸಿ ನಿಲ್ಲುವುದು, ಇಷ್ಟರಲ್ಲೇ ಕಳೆಯುತ್ತದೆ. ಜಾರುವ ಖುಷಿ ಶುರುವಾಗುವುದು ಎರಡನೆಯ ದಿನದ ಕೊನೆಗೋ ಮೂರನೆಯ ದಿನವೋ. ಒಂದೇ ದಿನಕ್ಕೆ ಹೋಗಿಬರುವವರು ಬೆಂಗಳೂರಿನಿಂದ ಅಷ್ಟು ದೂರದ ಪ್ರಯಾಣದ ಪೂರ್ತಿ ಬೆಲೆ ತೆತ್ತು, ಫಲ ಕೈಗೆ ಸಿಗುವ ಮೊದಲೇ ಎದ್ದುಬರುತ್ತಾರೆ. ಆದ್ದರಿಂದ ಗುಲ್ಮಾರ್ಗ್‌ನಲ್ಲೇ ನಾಲ್ಕು ರಾತ್ರಿ ಬೇಕು. ತಂಗ್‌ಮಾರ್ಗ್‌ನಲ್ಲಿ ಉಳಿದರೆ ಬಾಡಿಗೆ ಕಡಿಮೆ, ಆದರೆ ದಿನಾ ಸರಪಳಿ ಗಾಡಿಯ ಖರ್ಚು ಸೇರಿಸಿ, ಹಿಮ ಬಿದ್ದು ರಸ್ತೆ ಮುಚ್ಚಿದ ದಿನ ಪಾಠವೇ ತಪ್ಪುತ್ತದೆ ಎಂಬುದನ್ನೂ ಸೇರಿಸಿ ಲೆಕ್ಕ ಹಾಕಿ. ಗೊಂಡೋಲಾದ ಎರಡನೆಯ ಹಂತ ಸುಮಾರು 3,980 ಮೀಟರ್‌ವರೆಗೆ, ಅಫರ್ವತ್ ಬೆಟ್ಟಕ್ಕೆ ಏರುತ್ತದೆ. ನೋಡಿ ಬರಲು ಹೋಗಬಹುದು, ಆದರೆ ಅಲ್ಲಿನ ಇಳಿಜಾರು ಕಲಿಯುವವರಿಗಲ್ಲ. 2023 ಮತ್ತು 2024ರ ಫೆಬ್ರವರಿಯಲ್ಲಿ ಆ ಬೆಟ್ಟದ ಹಿಮಕುಸಿತಗಳಲ್ಲಿ ವಿದೇಶಿ ಸ್ಕೀಪಟುಗಳೇ ಜೀವ ಕಳೆದುಕೊಂಡಿದ್ದಾರೆ. ಮಕ್ಕಳ ಪಾಠ ಕೆಳಗಿನ ಬಟ್ಟಲಿನಂಥ ಬಯಲಿನಲ್ಲೇ ಆಗಲಿ.

ಇನ್ನು ದೆಹಲಿ. ಬಹಳ ಜನ ಅದನ್ನು ಮೊದಲು ಇಟ್ಟುಕೊಳ್ಳುತ್ತಾರೆ, ನಾನು ಕೊನೆಗೆ ಇಡಿ ಎನ್ನುತ್ತೇನೆ. ಹಿಮ ಬಿದ್ದಾಗ ಶ್ರೀನಗರದ ವಿಮಾನ ರದ್ದಾಗುವುದು ಸಾಮಾನ್ಯ ಸಂಗತಿ. ಹವಾಮಾನದಿಂದ ರದ್ದಾದರೆ ವಿಮಾನ ಸಂಸ್ಥೆ ಹಣ ಹಿಂದಿರುಗಿಸಬೇಕು ಇಲ್ಲವೇ ಬೇರೆ ವಿಮಾನದಲ್ಲಿ ಕಳಿಸಬೇಕು, ಆದರೆ ಅದರ ಮೇಲೆ ಪರಿಹಾರವೇನೂ ಸಿಗುವುದಿಲ್ಲ. ಶ್ರೀನಗರದಿಂದ ದೆಹಲಿಗೆ ಬಂದಿಳಿಯುವ ಅದೇ ದಿನ ಬೆಂಗಳೂರಿಗೆ ಬೇರೆ ಪಿಎನ್‌ಆರ್‌ನಲ್ಲಿ ಟಿಕೆಟ್ ತೆಗೆದಿಟ್ಟಿದ್ದರೆ ಆ ಟಿಕೆಟ್ ಹಣ ಹೋಯಿತೆಂದೇ ಲೆಕ್ಕ. ಬೆಟ್ಟದ ನಂತರ ದೆಹಲಿಯಲ್ಲಿ ಮೂರು ದಿನ ಇದ್ದರೆ, ಒಂದು ದಿನ ತಡವಾದರೂ ತಪ್ಪುವುದು ಒಂದು ದಿನದ ಸುತ್ತಾಟ ಮಾತ್ರ, ಮನೆಗೆ ಮರಳುವ ಟಿಕೆಟ್ ಅಲ್ಲ. 2025ರ ಜೂನ್‌ನಿಂದ ಶ್ರೀನಗರ–ಕಟ್ರಾ ವಂದೇ ಭಾರತ್ ರೈಲೂ ಓಡುತ್ತಿದೆ. ತೀರಾ ಸಿಕ್ಕಿಕೊಂಡಾಗ ಕಟ್ರಾದಿಂದ ದೆಹಲಿಗೆ ಮತ್ತೊಂದು ರೈಲು ಹಿಡಿಯುವ ದಾರಿ ಇದೆ. ಈ ದೃಷ್ಟಿಯಿಂದ ನಗರದ ದಿನಗಳು ಪ್ರವಾಸದ ವಿಮೆ ಇದ್ದಂತೆ, ಅದೂ ಅಗ್ಗದ ವಿಮೆ. ಕುತುಬ್ ಮಿನಾರ್, ಹುಮಾಯೂನ್ ಸಮಾಧಿಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ದೊಡ್ಡವರಿಗೂ 50 ರೂಪಾಯಿಯೊಳಗೆ ಮುಗಿಯುತ್ತದೆ. ರಾಷ್ಟ್ರಪತಿ ಭವನದ ಅಮೃತ ಉದ್ಯಾನ ಜನರಿಗೆ ತೆರೆಯುವುದು ಸಾಮಾನ್ಯವಾಗಿ ಫೆಬ್ರವರಿ ಮೊದಲ ವಾರದಲ್ಲಿ, ಅದೂ ಉಚಿತ. ಡಿಸೆಂಬರ್ ಕೊನೆಯ ದೆಹಲಿ ಎಂದರೆ ದಟ್ಟ ಮಂಜು, ಕಣ್ಣು ಉರಿಸುವ ಗಾಳಿ, ಗಂಟೆಗಟ್ಟಲೆ ತಡವಾಗುವ ವಿಮಾನ. ಉಬ್ಬಸ ಇರುವ ಮಗುವನ್ನು ಆ ಗಾಳಿಗೆ ಕರೆದೊಯ್ಯಲೇಬೇಡಿ. ಫೆಬ್ರವರಿಯಲ್ಲಿ ಮಂಜು ಬಹುಮಟ್ಟಿಗೆ ಸರಿದು, ಬಿಸಿಲಲ್ಲಿ ಓಡಾಡುವಂತಿರುತ್ತದೆ.

ಈ ಎಲ್ಲಕ್ಕೂ ಎದುರಾಗುವ ದೊಡ್ಡ ಆಕ್ಷೇಪ ಶಾಲೆ. ಅದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಮನೆಯಲ್ಲಿ ಎಸ್ಸೆಸ್ಸೆಲ್ಸಿ, ಪಿಯು ಅಥವಾ ಸಿಬಿಎಸ್‌ಇ ಹತ್ತು, ಹನ್ನೆರಡನೆಯ ತರಗತಿಯ ಮಕ್ಕಳಿದ್ದರೆ ಆ ವರ್ಷ ಈ ಪ್ರವಾಸವೇ ಬೇಡ; ಫೆಬ್ರವರಿ, ಮಾರ್ಚ್ ಅವರ ಪರೀಕ್ಷೆಯ ಕಾಲ. ಒಂದು ವರ್ಷ ಕಾದರೆ ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಆದರೆ ಮೂರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಫೆಬ್ರವರಿ ಮೊದಲರ್ಧದಲ್ಲಿ ಆರೇಳು ದಿನ ತಪ್ಪಿದರೆ ತುಂಬಿಕೊಳ್ಳಲಾಗದ ನಷ್ಟವೇನಿಲ್ಲ. ಎರಡು ಭಾನುವಾರಗಳ ನಡುವೆ ಹೊಂದಿಸಿ, ಶಾಲೆಗೆ ತಿಂಗಳು ಮೊದಲೇ ಪತ್ರ ಬರೆದು, ತಪ್ಪುವ ಪಾಠಗಳನ್ನು ಕೇಳಿಕೊಂಡರೆ ಸಾಕು. ಸುಳ್ಳು ಜ್ವರದ ರಜೆ ಪತ್ರ ಮಾತ್ರ ಬೇಡ. ರಾಜ್ಯ ಪಠ್ಯಕ್ರಮದ ಅನೇಕ ಶಾಲೆಗಳಲ್ಲಿ ದೊಡ್ಡ ರಜೆ ಇರುವುದು ದಸರಾಕ್ಕೆ. ಡಿಸೆಂಬರ್‌ನಲ್ಲೂ ಆ ಮಕ್ಕಳು ರಜೆ ಹಾಕಿಯೇ ಹೋಗುವುದು. ಹೇಗೂ ಹಾಕುವ ರಜೆಯನ್ನು ಹಿಮ ಗಟ್ಟಿಯಾದ ಕಾಲದಲ್ಲಿ ಹಾಕಬಾರದೇಕೆ?

ಸುರಕ್ಷತೆಯ ಪ್ರಶ್ನೆಯೂ ನ್ಯಾಯವಾದದ್ದೇ. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್ ಬಳಿ ನಡೆದ ಭಯೋತ್ಪಾದಕ ದಾಳಿಯಲ್ಲಿ ನಮ್ಮ ಕನ್ನಡಿಗರೂ ಬಲಿಯಾದರು. ಹೋಗಲು ಮನಸ್ಸಿಲ್ಲದ ಕುಟುಂಬವನ್ನು ಒಪ್ಪಿಸುವುದು ನನ್ನ ಕೆಲಸವಲ್ಲ. ಹಣದ ಮಟ್ಟಿಗೆ ಹೇಳಬಹುದಾದದ್ದು ಇಷ್ಟು: ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುವ ಸ್ವಾತಂತ್ರ್ಯಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಚಿಂತೆಯಿಲ್ಲ. ಪ್ರವಾಸ ವಿಮೆ ಕೊಳ್ಳುವಾಗ ಭಯೋತ್ಪಾದನೆ, ಸಾಹಸ ಕ್ರೀಡೆ ಎಂಬ ಎರಡು ಪದಗಳನ್ನು ಹೊರಗಿಡುವಿಕೆಯ ಪಟ್ಟಿಯಲ್ಲಿ ಹುಡುಕಿ. ಸ್ಕೀಯಿಂಗ್ ಅದರೊಳಗೆ ಸೇರಿದ್ದರೆ ಕಾಲು ಮುರಿದಾಗ ಆ ಪಾಲಿಸಿ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ಸಣ್ಣ ವಿಷಯ: ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ನಡೆಯುವುದಿಲ್ಲ, ಮನೆಯ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ.

ಅಷ್ಟೆಲ್ಲ ಖರ್ಚು ಮಾಡುವ ಬದಲು ಜಪಾನಿಗೇ ಹೋಗಬಾರದೇ ಎನ್ನುವವರೂ ಇದ್ದಾರೆ. ಅನುಕೂಲ ನೋಡಿದರೆ ಅವರ ಮಾತು ನಿಜ: ಟೋಕಿಯೊದಿಂದ ಶಿಂಕಾನ್‌ಸೆನ್ ಹತ್ತಿ ಸುಮಾರು ಒಂದೂಕಾಲು ಗಂಟೆಯಲ್ಲಿ ಗಾಲಾ ಯುಝಾವಾದಲ್ಲಿ ಇಳಿದರೆ ನಿಲ್ದಾಣವೇ ಸ್ಕೀ ಕೇಂದ್ರ, ಬಟ್ಟೆಯಿಂದ ಬೂಟಿನವರೆಗೆ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಆದರೆ ನಾಲ್ಕು ಜನರ ವಿಮಾನ, ವೀಸಾ ಸೇರಿದರೆ ಬಜೆಟ್ ಬೇರೆಯೇ ಆಗುತ್ತದೆ. ಅಲ್ಲದೆ ಹಳೆಯ ತೆರಿಗೆ ಪದ್ಧತಿಯಲ್ಲಿರುವ ಉದ್ಯೋಗಿಗಳಿಗೆ ಎಲ್‌ಟಿಎ (ರಜೆ ಪ್ರಯಾಣ ಭತ್ಯೆ) ವಿನಾಯಿತಿ ದೇಶದೊಳಗಿನ ಪ್ರಯಾಣಕ್ಕೆ ಮಾತ್ರ. ನಾಲ್ಕು ವರ್ಷದ ಬ್ಲಾಕ್‌ನಲ್ಲಿ ಎರಡು ಪ್ರಯಾಣ, ಈಗ ನಡೆಯುತ್ತಿರುವುದು 2026–2029ರ ಬ್ಲಾಕ್. ವಿನಾಯಿತಿ ಸಿಗುವುದು ಪ್ರಯಾಣ ದರಕ್ಕಷ್ಟೇ, ಹೋಟೆಲ್, ಊಟ, ಸ್ಕೀ ಪಾಠಕ್ಕಲ್ಲ. ವಿಮಾನದ ಬೋರ್ಡಿಂಗ್ ಪಾಸ್‌ಗಳನ್ನು ಜೋಪಾನ ಮಾಡಿ.

ಬಟ್ಟೆಬರೆಯಲ್ಲಿ ಥರ್ಮಲ್, ಉಣ್ಣೆಯ ಕಾಲುಚೀಲ, ನೀರು ಹಿಡಿಯದ ಕೈಗವಸು, ಈ ಮೂರನ್ನು ಮಾತ್ರ ಕೊಳ್ಳಿ. ಮಕ್ಕಳ ಜಾಕೆಟ್ ಮುಂದಿನ ವರ್ಷಕ್ಕೆ ಚಿಕ್ಕದಾಗುತ್ತದೆ, ಅದು ಬಾಡಿಗೆಗೇ ಇರಲಿ. ಹಣ ಕೂಡಿಸುವ ವಿಷಯದಲ್ಲಿ ನನ್ನ ನಿಲುವು ಗಟ್ಟಿ: ಈ ಪ್ರವಾಸಕ್ಕೆ ಸಾಲ ಬೇಡ, ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಳ್ಳುವುದಂತೂ ಬೇಡವೇ ಬೇಡ, ಅದರ ಬಡ್ಡಿ ವರ್ಷಕ್ಕೆ ಶೇ 40ರ ಆಸುಪಾಸಿಗೆ ಹೋಗುತ್ತದೆ. ಅಂದಾಜು ಖರ್ಚು 2 ಲಕ್ಷ 40 ಸಾವಿರ ಎಂದಿಟ್ಟುಕೊಂಡರೆ ಹನ್ನೆರಡು ತಿಂಗಳು 20 ಸಾವಿರದಂತೆ ಆರ್‌ಡಿ ಕಟ್ಟಬೇಕು. ಅಷ್ಟು ಆಗದಿದ್ದರೆ ಎರಡು ವರ್ಷಕ್ಕೆ ಹಂಚಿ 10 ಸಾವಿರದಂತೆ ಕಟ್ಟಿ. ಡಿಸೆಂಬರ್ ಬದಲು ಫೆಬ್ರವರಿಗೆ ಹೋಗುವವರಿಗೆ ಹಣ ಕೂಡಿಸಲು ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಸಿಗುತ್ತದೆ. ಹೊರಡುವ ಮನಸ್ಸಿದ್ದರೆ ಹೋಟೆಲ್ ಹುಡುಕುವ ಮೊದಲು ಮಕ್ಕಳ ಶಾಲೆಗೆ ಹೋಗಿ ಫೆಬ್ರವರಿಯ ಪರೀಕ್ಷಾ ವೇಳಾಪಟ್ಟಿ ಕೇಳಿ. ಆ ಕಾಗದ ಕೈಗೆ ಬಂದ ದಿನವೇ ಬ್ಯಾಂಕಿನಲ್ಲಿ ಆರ್‌ಡಿ ಶುರು ಮಾಡಿ.