ಮೂವತ್ತು ಟೆಸ್ಟ್ ಕೆಂಪಾದಾಗ

ಪ್ರಶ್ನೆ: ನಾನು ಜಾವಾ ಡೆವಲಪರ್, ನಾಲ್ಕು ವರ್ಷದ ಅನುಭವ. ನಮ್ಮ ಟೆಸ್ಟ್‌ಗಳೆಲ್ಲ ಅಸಲಿ ಡೇಟಾಬೇಸಿಗೇ ಹೋಗಿಬರುತ್ತವೆ; ಒಂದು ಸುತ್ತು ಮುಗಿಯಲು 40 ನಿಮಿಷ. ಅಸಲಿಯ ಜಾಗದಲ್ಲಿ ನಕಲಿಯನ್ನು (ಮಾಕ್) ನಿಲ್ಲಿಸುವ ಮೊಕಿಟೊ ಲೈಬ್ರರಿ ತರೋಣ ಎಂದು ನಾನೇ ಮೀಟಿಂಗಿನಲ್ಲಿ ಹೇಳಿ, ಒಂದು ಮಾಡ್ಯೂಲ್‌ಗೆ ಬರೆದೂ ಬಿಟ್ಟೆ. ಮೊನ್ನೆ ಸಹೋದ್ಯೋಗಿ ಕೋಡನ್ನು ಕೊಂಚ ಒಪ್ಪ ಮಾಡಿದ್ದಕ್ಕೇ 30 ಟೆಸ್ಟ್ ಕೆಂಪಾದವು. ಪ್ರೋಗ್ರಾಮ್ ಮಾತ್ರ ಸರಿಯಾಗಿಯೇ ಓಡುತ್ತಿತ್ತು. ‘ಸುಳ್ಳು ಟೆಸ್ಟ್ ಬರೆದರೆ ಹೀಗೇ’ ಎಂದು ಹಿರಿಯರೊಬ್ಬರು ಎಲ್ಲರೆದುರು ನಕ್ಕರು. ಹಿಂದೆ ಸರಿಯಲೇ?
– ಓದುಗಿ, ಮೈಸೂರು

ಉತ್ತರ: ಸರಿಯಬೇಡಿ. ಆದರೆ ಆ ಹಿರಿಯರ ಮಾತಿನಲ್ಲಿ ಅರ್ಧ ನಿಜವಿದೆ.

ಮಾಕ್ ಎಂಬುದು ನೆಟ್ಸ್‌ನ ಬೌಲಿಂಗ್ ಮಷೀನಿನ ಹಾಗೆ, ನೀವು ಹೊಂದಿಸಿಟ್ಟ ಚೆಂಡನ್ನೇ ಎಸೆಯುತ್ತದೆ. ಹಿಂದೆ ನಾನಿದ್ದ ತಂಡದಲ್ಲಿ ಪೇಮೆಂಟ್ ಗೇಟ್‌ವೇಯನ್ನು ಮಾಕ್ ಮಾಡಿದ್ದೆವು. ಅಸಲಿ ಗೇಟ್‌ವೇ ಮೊತ್ತವನ್ನು ಪೈಸೆಯಲ್ಲಿ ಕೇಳುತ್ತಿತ್ತು. ನಮ್ಮ ಮಾಕ್‌ಗೆ ಆ ಗೋಜೇ ಇಲ್ಲ, ರೂಪಾಯಿ ಕೊಟ್ಟರೂ ‘ಯಶಸ್ವಿ’ ಎಂದಿತು. ಟೆಸ್ಟ್‌ಗಳೆಲ್ಲ ಹಸಿರು. ರಿಲೀಸ್ ಆದ ಮೇಲೆ 499 ರೂಪಾಯಿಯ ಆರ್ಡರಿಗೆ ನಮಗೆ ಬಂದದ್ದು 4 ರೂಪಾಯಿ 99 ಪೈಸೆ. ಗೊತ್ತಾದದ್ದು ಅಕೌಂಟ್ಸ್‌ನವರು ಫೋನ್ ಮಾಡಿದಾಗ!

ನಿಮ್ಮದಾದ ಟೈಪ್‌ಗಳನ್ನು ಮಾತ್ರ ಮಾಕ್ ಮಾಡಿ ಎಂದು ಸ್ಟೀವ್ ಫ್ರೀಮನ್, ನ್ಯಾಟ್ ಪ್ರೈಸ್ ಮತ್ತವರ ಸಂಗಡಿಗರು 2004ರ ಪ್ರಬಂಧದಲ್ಲೇ ಬರೆದಿದ್ದರು. ನಾವು ಓದಿರಲಿಲ್ಲ. ಗೇಟ್‌ವೇಯ ಲೈಬ್ರರಿಗೂ ನಿಮ್ಮ ಕೋಡಿಗೂ ನಡುವೆ ನಿಮ್ಮದೇ ಚಿಕ್ಕ ಇಂಟರ್‌ಫೇಸ್ ಇಡಿ: ‘ಇಷ್ಟು ರೂಪಾಯಿ ವಸೂಲು ಮಾಡು’, ಅಷ್ಟೇ. ಮಾಕ್ ಮಾಡುವುದು ಅದನ್ನು. ರೂಪಾಯಿಯನ್ನು ಪೈಸೆ ಮಾಡುವುದು ಅದರ ಹಿಂದಿನ ಕ್ಲಾಸಿನ ಕೆಲಸ. ಆ ಕ್ಲಾಸಿಗೆ ಗೇಟ್‌ವೇಯ ಸ್ಯಾಂಡ್‌ಬಾಕ್ಸ್ ಎದುರು ಅಸಲಿ ಟೆಸ್ಟ್. ಡೇಟಾಬೇಸಿಗೂ ಹೀಗೇ. ಕ್ವೆರಿ ತಪ್ಪಿದ್ದರೆ ಮಾಕ್ ಹೇಳಲಾರದು, ಆದ್ದರಿಂದ ಕ್ವೆರಿಗಳ ಟೆಸ್ಟ್‌ಗಳನ್ನು ಉಳಿಸಿಕೊಳ್ಳಿ. ಅವು ರಾತ್ರಿ ಓಡಲಿ.

ಆ 30 ಟೆಸ್ಟ್‌ಗಳಲ್ಲಿ ಬಹುಶಃ ಯಾವ ಕರೆ ಎಷ್ಟು ಸಲ ನಡೆಯಿತು ಎಂದು ನೋಡುವ ‘ವೆರಿಫೈ’ಯನ್ನು ಸಾಲುಸಾಲಾಗಿ ಬರೆದಿದ್ದೀರಿ. ಸಾರಿನ ರುಚಿ ನೋಡುವ ಬದಲು ಸೌಟು ಎಷ್ಟು ಸಲ ಆಡಿತು ಎಂದು ಎಣಿಸಿದ ಹಾಗಾಯಿತು. ಇನ್ನಾವ ಕರೆಯೂ ನಡೆದಿಲ್ಲ ಎಂದು ಖಾತ್ರಿ ಮಾಡುವ ‘ವೆರಿಫೈ ನೋ ಮೋರ್ ಇಂಟರಾಕ್ಷನ್ಸ್’ ಅನ್ನು ಪ್ರತಿ ಟೆಸ್ಟಿನಲ್ಲೂ ಬಳಸಬೇಡಿ ಎಂದು ಮೊಕಿಟೊದ ಡಾಕ್ಯುಮೆಂಟೇಶನ್ನೇ ಹೇಳುತ್ತದೆ. ಎಸ್‌ಎಂಎಸ್ ಹೋಯಿತೇ ಎಂಬಲ್ಲಿ ವೆರಿಫೈ ಬೇಕು, ನೋಡಲು ಬೇರೇನೂ ಇಲ್ಲವಲ್ಲ. ರಿಯಾಯಿತಿಯ ಲೆಕ್ಕಕ್ಕೆ ಮಾಕೇ ಬೇಡ, ಬಂದ ಉತ್ತರ ನೋಡಿದರಾಯಿತು. ಸಮಯಕ್ಕೂ ಬೇಡ: ಜಾವಾ 8ರಿಂದ ಇರುವ ‘ಕ್ಲಾಕ್’ ಕ್ಲಾಸಿನ ‘ಫಿಕ್ಸ್ಡ್’ ಗಡಿಯಾರವನ್ನೇ ನಿಲ್ಲಿಸಿ ಕೊಡುತ್ತದೆ.

ಇನ್ನು ನಕ್ಕ ಹಿರಿಯರು. ಮೀಟಿಂಗಿನಲ್ಲಿ ವಾದಕ್ಕೆ ನಿಲ್ಲಬೇಡಿ. ‘ಸರ್, ಡೇಟಾಬೇಸ್ ಟೆಸ್ಟ್‌ಗಳಲ್ಲಿ ಯಾವುದನ್ನು ಉಳಿಸೋಣ, ಒಂದು ಗಂಟೆ ಕೂತು ನೋಡೋಣವೇ’ ಎಂದು ಕೇಳಿ. ಅದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಆ 30ರಲ್ಲಿ ಅಳಿಸಬೇಕಾದವನ್ನು ಮಾತ್ರ ಅದಕ್ಕೆ ಮೊದಲೇ ನೀವೇ ಅಳಿಸಿಬಿಡಿ.