ರಸ್ತೆ ಕಾಮಗಾರಿಯ ಕಾರ್ಮಿಕರ ಸುರಕ್ಷತೆ: ಹೊಣೆ ಎಲ್ಲಿಯವರೆಗೆ, ಹಕ್ಕು ಎಷ್ಟರವರೆಗೆ

ಕಾರ್ಖಾನೆಗೆ ಗೋಡೆಯಿದೆ, ಗೇಟಿದೆ; ರಸ್ತೆ ಕಾಮಗಾರಿಗೆ ಎರಡೂ ಇಲ್ಲ. ಒಂದು ಪಕ್ಕದಲ್ಲಿ ಸುಮಾರು 150 ಡಿಗ್ರಿ ಸೆಲ್ಸಿಯಸ್ ಕಾವಿನ ಡಾಂಬರು ಮಿಶ್ರಣ, ಹಿಂದಕ್ಕೆ ಸರಿಯುವ ಟಿಪ್ಪರ್ ಮತ್ತು ರೋಲರ್ ಇದ್ದರೆ, ಇನ್ನೊಂದು ಪಕ್ಕದಲ್ಲಿ ಒಂದೆರಡು ಮೀಟರ್ ಅಂತರದಲ್ಲೇ ಕಾಮಗಾರಿಗೆ ಸಂಬಂಧವಿಲ್ಲದ ವಾಹನಗಳು ಓಡುತ್ತಿರುತ್ತವೆ. ಈ ಎರಡರ ನಡುವೆ ದುಡಿಯುವ ಕಾರ್ಮಿಕನಿಗೆ ಪರಿಚಯವಿರುವುದು ಹೆಚ್ಚಾಗಿ ತನ್ನನ್ನು ಊರಿನಿಂದ ಕರೆತಂದ ಮೇಸ್ತ್ರಿ ಒಬ್ಬನೇ. ಮೇಸ್ತ್ರಿಯ ಮೇಲೆ ಉಪಗುತ್ತಿಗೆದಾರ, ಅವನ ಮೇಲೆ ಮುಖ್ಯ ಗುತ್ತಿಗೆದಾರ ಕಂಪನಿ, ಅದರ ಮೇಲೆ ಕಾಮಗಾರಿಯನ್ನು ವಹಿಸಿದ ಇಲಾಖೆ ಅಥವಾ ಪ್ರಾಧಿಕಾರ ಇರುತ್ತದೆ. ಅವಘಡವಾದಾಗ ಹೊಣೆ ಈ ಮೆಟ್ಟಿಲುಗಳಲ್ಲಿ ಕೆಳಕ್ಕೆ ಜಾರುತ್ತ ಹೋಗಿ ಕೊನೆಗೆ ಮೇಸ್ತ್ರಿಯ ತಲೆಗೋ, ಕಾರ್ಮಿಕನ ‘ಅಜಾಗರೂಕತೆ’ಯ ಮೇಲೋ ಬಂದು ನಿಲ್ಲುವುದುಂಟು. ಕಾನೂನು ಹೇಳುವುದು ಇದಕ್ಕೆ ತದ್ವಿರುದ್ಧವಾದ ಮಾತು: ಹೊಣೆ ಮೇಲಿನ ಮೆಟ್ಟಿಲಿನವರೆಗೂ ತಲುಪುತ್ತದೆ, ಅಲ್ಲಿಯವರೆಗೆ ಏರಿ ಕೇಳುವ ಹಕ್ಕು ಕಾರ್ಮಿಕನಿಗೂ ಅವನ ಕುಟುಂಬಕ್ಕೂ ಇದೆ.

ರಸ್ತೆ ಕೆಲಸವನ್ನು ಭಾರತದ ಕಾನೂನು ‘ಕಟ್ಟಡ ಅಥವಾ ಇತರೆ ನಿರ್ಮಾಣ ಕಾಮಗಾರಿ’ ಎಂಬ ವಿಭಾಗದಲ್ಲಿ ಸೇರಿಸಿದೆ. 1996ರ ನಿರ್ಮಾಣ ಕಾರ್ಮಿಕರ ಅಧಿನಿಯಮವು ಬಹುಕಾಲ ಈ ಕ್ಷೇತ್ರವನ್ನು ಆಳಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಅದರ ಸ್ಥಾನವನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೂ ಸಾಮಾಜಿಕ ಭದ್ರತಾ ಸಂಹಿತೆಯೂ ಪಡೆದಿವೆ. ಹಳೆಯ ನಿಯಮಗಳಲ್ಲಿ ಸಂಹಿತೆಗೆ ವಿರುದ್ಧವಲ್ಲದವು ಹೊಸ ನಿಯಮಗಳು ಬರುವ ತನಕ ಉಳಿದಿರುತ್ತವೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾಮಗಾರಿಗೆ ಸುರಕ್ಷತಾ ಸಂಹಿತೆ ಅನ್ವಯಿಸುತ್ತದೆ. ಅಪಾಯವಿಲ್ಲದ ಕೆಲಸದ ಸ್ಥಳವನ್ನು ಒದಗಿಸುವುದು ಮತ್ತು ನೇಮಕಾತಿ ಪತ್ರ ಕೊಡುವುದು ಮಾಲೀಕನ ಕರ್ತವ್ಯವಾಗಿದ್ದು, ಸುರಕ್ಷತೆಗಾಗಿ ಮಾಡಿದ ವ್ಯವಸ್ಥೆಯ ಖರ್ಚನ್ನು ಕಾರ್ಮಿಕನಿಂದ ವಸೂಲು ಮಾಡುವಂತಿಲ್ಲ. ಹೆಲ್ಮೆಟ್ಟು, ಬೂಟು, ಹೊಳೆಯುವ ಜಾಕೆಟ್ಟುಗಳ ಹಣವನ್ನು ಕೂಲಿಯಲ್ಲಿ ಮುರಿದುಕೊಳ್ಳುವುದು ಇದರಿಂದಾಗಿ ಕಾನೂನುಬಾಹಿರ. 250 ಅಥವಾ ಹೆಚ್ಚು ಕಾರ್ಮಿಕರಿರುವ ನಿರ್ಮಾಣ ಕಾಮಗಾರಿಯಲ್ಲಿ ಸುರಕ್ಷತಾ ಅಧಿಕಾರಿಯೊಬ್ಬರು ಇರಲೇಬೇಕು.

ಈ ಸಂಹಿತೆಯ 14ನೆಯ ಕಲಂ ಕಾರ್ಮಿಕರಿಗೆ ಬಹುಮುಖ್ಯವಾದದ್ದು. ಪ್ರಾಣಕ್ಕೆ ಅಥವಾ ಆರೋಗ್ಯಕ್ಕೆ ಸನ್ನಿಹಿತವಾದ ಅಪಾಯವಿದೆ ಎಂದು ನಂಬಲು ಸಕಾರಣವಿದ್ದಾಗ, ಉದಾಹರಣೆಗೆ ಆಳವಾಗಿ ಅಗೆದ ಮಣ್ಣು ಬಿರುಕು ಬಿಟ್ಟಾಗ ಅಥವಾ ವಾಹನಗಳನ್ನು ತಡೆಯುವ ಬ್ಯಾರಿಕೇಡ್ ಇಲ್ಲದೆ ರಾತ್ರಿ ಕೆಲಸಕ್ಕೆ ಇಳಿಸಿದಾಗ, ಕಾರ್ಮಿಕನು ಅದನ್ನು ಮಾಲೀಕನಿಗೂ ಅದೇ ವೇಳೆಗೆ ಸರ್ಕಾರದ ನಿರೀಕ್ಷಕರಿಗೂ ತಿಳಿಸಬಹುದು. ಅಪಾಯವಿರುವುದು ಮನವರಿಕೆಯಾದರೆ ಮಾಲೀಕನು ಕೂಡಲೇ ಸರಿಪಡಿಸಬೇಕು. ಅವನು ಒಪ್ಪದಿದ್ದರೆ ವಿಷಯವನ್ನು ತಡಮಾಡದೆ ನಿರೀಕ್ಷಕರಿಗೆ ಒಪ್ಪಿಸಬೇಕು, ಅಪಾಯವಿದೆಯೇ ಇಲ್ಲವೇ ಎಂಬುದರಲ್ಲಿ ನಿರೀಕ್ಷಕರ ನಿರ್ಣಯವೇ ಅಂತಿಮ. ಆದರೆ ನಿರ್ಣಯ ಬರುವ ತನಕ ಕೆಲಸ ನಿಲ್ಲಿಸುವ ಹಕ್ಕನ್ನು ಈ ಕಲಂ ಸ್ಪಷ್ಟ ಮಾತಿನಲ್ಲಿ ಹೇಳಿಲ್ಲ. ದಿನಗೂಲಿಯವನ ಮಟ್ಟಿಗೆ ಇದು ದೊಡ್ಡ ಕೊರತೆಯೇ ಆಗಿರುವುದರಿಂದ, ದೂರನ್ನು ಬಾಯಿಮಾತಿನಲ್ಲಿ ಬಿಡದೆ ಫೋಟೊ, ದಿನಾಂಕ, ಸಮಯಗಳೊಂದಿಗೆ ಲಿಖಿತವಾಗಿ ಕಳಿಸುವುದು ಅಗತ್ಯ.

ಸರ್ಕಾರ ಮತ್ತು ಉದ್ಯಮಗಳ ಸಹಕಾರವೆಂಬುದು ರಸ್ತೆ ಕ್ಷೇತ್ರದಲ್ಲಿ ಸಭೆ-ಸಮಾರಂಭಗಳಿಗಿಂತ ಹೆಚ್ಚಾಗಿ ಗುತ್ತಿಗೆಯ ಕರಾರು ಪತ್ರದಲ್ಲಿ ಕಾಣುವಂಥದು. 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಹೆದ್ದಾರಿ ಎಂಜಿನಿಯರುಗಳ ಸಂಸ್ಥೆ ರೂಪಿಸಿದ ‘ಎಸ್‌ಪಿ 55’ ಎಂಬ ಮಾರ್ಗಸೂಚಿಯು ಕಾಮಗಾರಿ ನಡೆಯುವ ರಸ್ತೆಯನ್ನು ಭಾಗಗಳಾಗಿ ವಿಂಗಡಿಸುತ್ತದೆ: ಚಾಲಕನಿಗೆ ಮುಂಚಿತವಾಗಿ ಎಚ್ಚರಿಕೆ ಕೊಡುವ ಭಾಗ, ವಾಹನಗಳನ್ನು ಪಕ್ಕದ ಪಥಕ್ಕೆ ತಿರುಗಿಸುವ ಭಾಗ, ಕೆಲಸ ನಡೆಯುವ ಭಾಗ, ವಾಹನಗಳು ಮತ್ತೆ ತಮ್ಮ ಪಥಕ್ಕೆ ಮರಳುವ ಭಾಗ. ಫಲಕ, ಕೋನ್, ಬ್ಯಾರಿಕೇಡ್, ರಾತ್ರಿಯ ದೀಪಗಳು ಎಲ್ಲೆಲ್ಲಿರಬೇಕು, ಬಾವುಟ ಹಿಡಿದವನು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಅದರಲ್ಲಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ರಸ್ತೆ ಮತ್ತು ಸೇತುವೆ ಕಾಮಗಾರಿಗಳ ನಿರ್ದಿಷ್ಟತೆಗಳು, ತಮ್ಮ 112ನೆಯ ಖಂಡದಲ್ಲಿ, ಕಾಮಗಾರಿಯ ವೇಳೆ ಸಂಚಾರವನ್ನು ಸುರಕ್ಷಿತವಾಗಿ ನಿರ್ವಹಿಸುವ ಹೊಣೆಯನ್ನು ಗುತ್ತಿಗೆದಾರನಿಗೆ ವಹಿಸುತ್ತವೆ. ಇಂಥ ನಿರ್ದಿಷ್ಟತೆ ಕರಾರಿನ ಭಾಗವಾದ ಮೇಲೆ ಕೋನ್ ಇಡುವುದು ಕಂಪನಿಯ ಔದಾರ್ಯವಾಗಿ ಉಳಿಯುವುದಿಲ್ಲ, ಮತ್ತು ಇಲಾಖೆಯ ಎಂಜಿನಿಯರು ಅದರ ಕೊರತೆಯನ್ನು ಕಂಡೂ ಬಿಲ್ಲಿಗೆ ಸಹಿ ಹಾಕುವುದು ಕರ್ತವ್ಯಲೋಪವಾಗುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ ಇನ್ನೂ ಮುಂದಕ್ಕೆ ಹೋಗಿ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ನಿಗದಿತ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಪ್ರಾಧಿಕಾರ, ಗುತ್ತಿಗೆದಾರ, ಸಲಹಾ ಸಂಸ್ಥೆಗಳಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಕೋಟಿಗಟ್ಟಲೆಯ ಕಾಮಗಾರಿಗಳ ಎದುರು ಈ ಮೊತ್ತ ತೀರ ಅಲ್ಪ.

ಕರಾರಿನ ಈ ಕಾಗದಗಳನ್ನು ನೋಡಲು ಕಾರ್ಮಿಕನೇ ಆಗಬೇಕೆಂದಿಲ್ಲ. ಆ ರಸ್ತೆಯಲ್ಲಿ ಓಡಾಡುವ ಯಾವ ನಾಗರಿಕನೂ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಸಂಬಂಧಪಟ್ಟ ಇಲಾಖೆಗೆ ಅರ್ಜಿ ಹಾಕಿ, ಸುರಕ್ಷತಾ ಷರತ್ತುಗಳು, ಅನುಮೋದಿತ ಸಂಚಾರ ನಿರ್ವಹಣಾ ಯೋಜನೆ ಹಾಗೂ ಬಿಲ್ಲುಗಳಲ್ಲಿ ಕಡಿತಗೊಳಿಸಿದ ಸೆಸ್‌ನ ವಿವರಗಳನ್ನು ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಸೆಸ್ ಎಂದರೆ ನಿರ್ಮಾಣ ವೆಚ್ಚದ ಶೇ. 1ರಷ್ಟನ್ನು ಕಾರ್ಮಿಕರ ಕಲ್ಯಾಣಕ್ಕಾಗಿ ತೆಗೆದಿರಿಸುವ ಉಪಕರ. ಸರ್ಕಾರಿ ಕಾಮಗಾರಿಗಳಲ್ಲಿ ಇದನ್ನು ಗುತ್ತಿಗೆದಾರನ ಬಿಲ್ಲಿನಿಂದಲೇ ಹಿಡಿದು ಕಲ್ಯಾಣ ಮಂಡಳಿಗೆ ಕಟ್ಟಲಾಗುತ್ತದೆ. ಸರ್ಕಾರ, ಮಾಲೀಕರು ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕಾದ ಈ ಮಂಡಳಿಯಿಂದ ಸೌಲಭ್ಯ ಪಡೆಯಲು ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿರುವ, 18ರಿಂದ 60 ವರ್ಷದೊಳಗಿನ ಕಾರ್ಮಿಕರು ಹೆಸರು ನೋಂದಾಯಿಸಬೇಕು. ಮಂಡಳಿಗಳಲ್ಲಿ ಹಣ ಕೂಡಿಬಿದ್ದು ಕಾರ್ಮಿಕರಿಗೆ ಮುಟ್ಟದಿರುವುದನ್ನು ಸುಪ್ರೀಂ ಕೋರ್ಟ್ 2018ರ ತೀರ್ಪಿನಲ್ಲಿ ಕಟುವಾಗಿ ಖಂಡಿಸಿತ್ತು. ಗುಳೆ ಹೊರಟು ಇಂದು ಒಂದೂರು, ನಾಳೆ ಇನ್ನೊಂದೂರು ಎಂದು ಅಲೆಯುವ ರಸ್ತೆ ಕೆಲಸದವರಿಗೆ 90 ದಿನಗಳ ದಾಖಲೆ ಒದಗಿಸುವುದೇ ಕಷ್ಟವಾದ್ದರಿಂದ, ಗುತ್ತಿಗೆದಾರನಿಂದ ಉದ್ಯೋಗ ದೃಢೀಕರಣ ಪತ್ರವನ್ನು ಆಯಾ ಸ್ಥಳ ಬಿಡುವ ಮುನ್ನವೇ ಪಡೆದಿಟ್ಟುಕೊಳ್ಳುವುದು ಒಳಿತು.

ಅಪಘಾತವಾದಾಗ ಮೊದಲಿಗೆ ಚಿಕಿತ್ಸೆ. ಮೋಟಾರು ವಾಹನದಿಂದಾದ ಅಪಘಾತವಾದರೆ 2025ರ ನಗದುರಹಿತ ಚಿಕಿತ್ಸಾ ಯೋಜನೆಯಡಿ ನಿಯೋಜಿತ ಆಸ್ಪತ್ರೆಯಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ, ಹಣ ಕಟ್ಟದೆ ಚಿಕಿತ್ಸೆ ದೊರೆಯುತ್ತದೆ. ಸಾವು ಸಂಭವಿಸಿದರೆ ಅಥವಾ 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಲಾಗದಂಥ ಗಾಯವಾದರೆ ಮಾಲೀಕನು ಅಧಿಕಾರಿಗಳಿಗೆ ವರದಿ ಮಾಡಲೇಬೇಕು. ಪೊಲೀಸರಲ್ಲಿ ಎಫ್‌ಐಆರ್ ದಾಖಲಾಗುವುದು, ಅದರಲ್ಲಿ ಮೇಸ್ತ್ರಿಯ ಹೆಸರಷ್ಟೇ ಅಲ್ಲದೆ ಗುತ್ತಿಗೆದಾರ ಕಂಪನಿ ಮತ್ತು ಕಾಮಗಾರಿ ವಹಿಸಿದ ಇಲಾಖೆಯ ಉಲ್ಲೇಖ ಇರುವುದು ಮುಂದಿನ ಎಲ್ಲ ಹೆಜ್ಜೆಗಳಿಗೂ ಆಧಾರ. ಕರ್ತವ್ಯಲೋಪದಿಂದ ಸಾವು ಸಂಭವಿಸಿದ್ದು ರುಜುವಾತಾದರೆ ಸುರಕ್ಷತಾ ಸಂಹಿತೆಯಡಿ ಎರಡು ವರ್ಷದವರೆಗಿನ ಸೆರೆವಾಸ ಅಥವಾ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ ಆಗಬಹುದು. ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮೃತರ ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ.

ಪರಿಹಾರ ಇದರಿಂದ ಬೇರೆಯಾದ ಹಕ್ಕು. ಸಾವಿನ ಪ್ರಕರಣದಲ್ಲಿ ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ ಮೊತ್ತ ಕಟ್ಟಲಾಗುತ್ತದೆ. 30 ವರ್ಷದವರಿಗೆ ಗುಣಕ 207.98, ಲೆಕ್ಕಕ್ಕೆ ಹಿಡಿದ ವೇತನ 15,000 ರೂಪಾಯಿಯಾದರೆ ಪರಿಹಾರ 15,59,850 ರೂಪಾಯಿ. ಉಪಗುತ್ತಿಗೆದಾರ ಕೊಡದಿದ್ದರೆ ಕಾಮಗಾರಿ ವಹಿಸಿದ ಪ್ರಧಾನ ಮಾಲೀಕನಿಂದಲೇ ಕೇಳಬಹುದು, ಅವನು ಬೇಕಾದರೆ ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಹೆಲ್ಮೆಟ್ ಧರಿಸಿರಲಿಲ್ಲ, ಕುಡಿದಿದ್ದ ಎಂಬ ವಾದಗಳು ಸಾವು ಮತ್ತು ಶಾಶ್ವತ ಪೂರ್ಣ ಅಂಗವೈಕಲ್ಯದ ಪ್ರಕರಣಗಳಲ್ಲಿ ಪರಿಹಾರವನ್ನು ತಪ್ಪಿಸಲಾರವು. ಅರ್ಜಿಗೆ ಎರಡು ವರ್ಷಗಳ ಕಾಲಾವಕಾಶವಿದ್ದು, ಅದನ್ನು ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ. ಯಾದಗಿರಿಯ ಕುಟುಂಬವೊಂದು ಮಂಗಳೂರಿನಲ್ಲಾದ ಸಾವಿಗೆ ತನ್ನ ಊರಿನ ವ್ಯಾಪ್ತಿಯ ಅಧಿಕಾರಿಯ ಮುಂದೆಯೇ ಹೋಗಬಹುದು. ಹಾದುಹೋಗುವ ವಾಹನ ಬಡಿದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ದಾರಿಯೂ ತೆರೆದಿರುತ್ತದೆ. ಆದರೆ ಎರಡರಲ್ಲಿ ಒಂದನ್ನಷ್ಟೇ ಆರಿಸಿಕೊಳ್ಳಬೇಕು, ಮತ್ತು ಅಲ್ಲಿನ ಗಡುವು ಆರೇ ತಿಂಗಳು. ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದರೆ ಸರ್ಕಾರಿ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ.

ಸಾವಿನ ಮನೆಗೆ ಬಂದು ಕೈಗೆ ಒಂದಿಷ್ಟು ನಗದು ಇಟ್ಟು, ‘ಇನ್ನೇನೂ ಕೇಳುವುದಿಲ್ಲ’ ಎಂದು ಬರೆಸಿಕೊಳ್ಳುವ ಪ್ರಯತ್ನಗಳ ವಿಷಯದಲ್ಲಿ ಕಾನೂನು ನಿಷ್ಠುರವಾಗಿದೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಅಸಿಂಧು, ಮತ್ತು ಸಾವಿನ ಪರಿಹಾರವನ್ನು ಸಕ್ಷಮ ಪ್ರಾಧಿಕಾರದಲ್ಲಿ ಠೇವಣಿ ಇಡದೆ ಕುಟುಂಬಕ್ಕೆ ನೇರವಾಗಿ ಕೊಟ್ಟದ್ದು ಪರಿಹಾರ ಪಾವತಿಯೆಂದು ಪರಿಗಣಿತವಾಗುವುದಿಲ್ಲ. ಅಂಥ ಕಾಗದಕ್ಕೆ ಈಗಾಗಲೇ ಹೆಬ್ಬೆಟ್ಟು ಒತ್ತಿದ ಕುಟುಂಬವೂ ಅರ್ಜಿ ಹಾಕಬಹುದು. ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸಿ ಉಚಿತ ನೆರವು ಕೋರಬಹುದು.