ಗೋಡೆ ತುಂಬಿದರೆ ಪಾಠ ತುಂಬೀತೆ?

ಪ್ರಶ್ನೆ: ಅಮ್ಮಸಂದ್ರದ ಹತ್ತಿರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. ಆರು, ಏಳನೇ ತರಗತಿಗೆ ವಿಜ್ಞಾನ ತೆಗೆದುಕೊಳ್ಳುತ್ತೇನೆ. ಸೇವೆಗೆ ಸೇರಿ ಇಪ್ಪತ್ತು ವರ್ಷ ದಾಟಿತು. ಇಷ್ಟು ದಿನವೂ ಸೀಮೆಸುಣ್ಣ, ಕಪ್ಪು ಹಲಗೆ ನಂಬಿಕೊಂಡೇ ಪಾಠ ಮಾಡಿದವಳು. ಈಗ ದಾನಿಗಳೊಬ್ಬರು ಶಾಲೆಗೆ ದೊಡ್ಡ ಸ್ಮಾರ್ಟ್ ಟಿ.ವಿ. ಕೊಡಿಸಿದ್ದಾರೆ. ಹೊಸದಾಗಿ ಬಂದ ಅತಿಥಿ ಶಿಕ್ಷಕರು ದಿನವೂ ವಿಡಿಯೊ ಹಾಕುತ್ತಾರೆ. ನನ್ನ ಪೀರಿಯಡ್ ಬಂದರೆ ‘ಮಿಸ್, ನೀವೂ ಟಿ.ವಿ. ಹಾಕಿ’ ಅಂತ ಮಕ್ಕಳ ಗಲಾಟೆ. ‘ಕೇಳಿದ್ದು ಶೇ 20 ನೆನಪಿರುತ್ತೆ, ನೋಡಿದ್ದು ಶೇ 30, ನೋಡಿ ಕೇಳಿದ್ದು ಶೇ 50. ನೀವಿನ್ನೂ ಬರೀ ಬಾಯಲ್ಲೇ ಹೇಳ್ತೀರಲ್ಲ ಮೇಡಂ’ ಎಂದು ಹೆಡ್‌ಮಾಸ್ಟರು ಎಲ್ಲರೆದುರೇ ಅಂದುಬಿಟ್ಟರು. ಮೇಲಧಿಕಾರಿಗಳು ಬರುವಷ್ಟರಲ್ಲಿ ಒಂದು ಗೋಡೆಯೂ ಖಾಲಿ ಇರಬಾರದಂತೆ. ಕೈಯಿಂದ ದುಡ್ಡು ಹಾಕಿ ತುಮಕೂರಿನಿಂದ ಚಾರ್ಟ್ ತಂದೆ, ರಾತ್ರಿ ಕೂತು ಥರ್ಮಾಕೋಲ್ ಕತ್ತರಿಸಿದೆ. ಬೇರಿನ ಪಾಠಕ್ಕೆ ನಾನೂ ವಿಡಿಯೊ ಹಾಕಿದೆ. ಹದಿನೈದು ನಿಮಿಷ ಯಾರೂ ಉಸಿರೆತ್ತಲಿಲ್ಲ. ಮುಗಿದ ಮೇಲೆ ‘ಬೇರಿನ ಕೆಲಸ ಏನು?’ ಅಂದರೆ ಒಬ್ಬರೂ ಬಾಯಿ ಬಿಡಲಿಲ್ಲ. ನನ್ನ ಕಾಲ ಮುಗಿಯಿತೇನೋ ಅನ್ನಿಸುತ್ತಿದೆ. ‘ವಿಆರ್‌ಎಸ್ ತಗೊಂಡು ತೋಟ ನೋಡ್ಕೊ’ ಅನ್ನುತ್ತಾರೆ ನಮ್ಮ ಮನೆಯವರು. ಏನು ಮಾಡಲಿ?
— ಹೆಸರು ಬೇಡ, ತುರುವೇಕೆರೆ ತಾಲ್ಲೂಕು

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಎರಡು ಸಂಕಟ ಒಂದಕ್ಕೊಂದು ಹೆಣೆದುಕೊಂಡಿವೆ. ಟಿ.ವಿ., ಚಾರ್ಟು ಇವನ್ನೆಲ್ಲ ಹೇಗೆ ಬಳಸುವುದು ಎಂಬುದು ಒಂದು. ಸಹೋದ್ಯೋಗಿಗಳ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ ಎಂಬುದು ಇನ್ನೊಂದು. ವಿಆರ್‌ಎಸ್ ಮಾತಿನವರೆಗೂ ನಿಮ್ಮನ್ನು ತಂದದ್ದು ಎರಡನೆಯದು. ಮೊದಲನೆಯದು ಬಗೆಹರಿದರೆ ಅದರ ಕಾವು ಅರ್ಧ ಇಳಿಯುತ್ತದೆ. ಅಲ್ಲಿಂದಲೇ ಶುರು ಮಾಡೋಣ.

ವಿಡಿಯೊ ಮುಗಿದ ಕೂಡಲೇ ಪ್ರಶ್ನೆ ಕೇಳಿದಿರಲ್ಲ, ಅದು ಎಲ್ಲರೂ ಮಾಡುವ ಕೆಲಸವಲ್ಲ. ಮಕ್ಕಳು ಸುಮ್ಮನೆ ಕೂತರೆ ಪಾಠ ತಲೆಗೆ ಹತ್ತಿತು ಎಂದುಕೊಂಡು ಟಿ.ವಿ. ಆರಿಸಿ ಹೊರಡುವವರೇ ಹೆಚ್ಚು. ನೀವು ಪರೀಕ್ಷಿಸಿ ನೋಡಿದಿರಿ, ಹತ್ತಿಲ್ಲ ಎಂದು ಗೊತ್ತಾಯಿತು. ಅದು ನಿಮ್ಮ ಸೋಲಲ್ಲ. ಆ ಹದಿನೈದು ನಿಮಿಷ ಮಕ್ಕಳಿಗೆ ಮಾಡಲು ಏನೂ ಕೆಲಸವಿರಲಿಲ್ಲ, ಅಷ್ಟೆ. ಸಾಧನ ಟಿ.ವಿ. ಆಗಿರಲಿ, ಚಾರ್ಟ್ ಆಗಿರಲಿ, ಅದನ್ನು ನೋಡುವಾಗ ಮಗುವಿಗೊಂದು ಕೆಲಸ ಇರಬೇಕು. ಈ ಒಂದು ಮಾತು ಹಿಡಿದುಕೊಂಡರೆ ಉಳಿದದ್ದೆಲ್ಲ ಸಲೀಸು.

ಹೆಡ್‌ಮಾಸ್ಟರು ಹೇಳಿದ ಶೇಕಡಾ ಲೆಕ್ಕದ ವಿಷಯ. ಡಿ.ಎಡ್., ಬಿ.ಎಡ್. ಓದಿದವರೆಲ್ಲ ‘ಅನುಭವ ಶಂಕು’ವಿನ ಚಿತ್ರ ಬರೆದಿರುತ್ತಾರೆ. ಅಮೆರಿಕದ ಎಡ್ಗರ್ ಡೇಲ್ 1946ರಲ್ಲಿ ದೃಕ್-ಶ್ರವಣ ವಿಧಾನಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅದನ್ನು ಕೊಟ್ಟರು. ಅದರಲ್ಲಿ ಶೇ 20, ಶೇ 30 ಎಂಬ ಅಂಕಿಗಳೇ ಇಲ್ಲ. ಆಮೇಲೆ ಯಾರೋ ಅಂಟಿಸಿದ ಆ ಅಂಕಿಗಳು ತರಬೇತಿಯಿಂದ ತರಬೇತಿಗೆ ಹಾಗೇ ದಾಟಿ ಬಂದಿವೆ. ತಮ್ಮ ಶಂಕುವನ್ನು ಅಕ್ಷರಶಃ ಹಿಡಿದುಕೊಳ್ಳಬೇಡಿ ಎಂದು ಡೇಲ್ ಅವರೇ ಎಚ್ಚರಿಸಿದ್ದರು. ನೋಡಿದ್ದೆಲ್ಲ ಕೇಳಿದ್ದಕ್ಕಿಂತ ಮೇಲು ಎಂಬ ನಿಯಮ ಎಲ್ಲೂ ಇಲ್ಲ. ಇದನ್ನು ಹೆಡ್‌ಮಾಸ್ಟರ ಜೊತೆ ವಾದಕ್ಕೆ ಬಳಸಬೇಡಿ. ನಿಮ್ಮ ಧೈರ್ಯಕ್ಕೆ ಇಟ್ಟುಕೊಳ್ಳಿ.

ಇನ್ನು ಟಿ.ವಿ. ಅದು ತರಗತಿಗೆ ಬಂದದ್ದು ಇಂದು ನಿನ್ನೆಯಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಕಾರ್ಯಕ್ರಮ ಬರುತ್ತಿತ್ತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. 2004ರಲ್ಲಿ ಎಜುಸ್ಯಾಟ್ ಉಡಾವಣೆಯಾದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಬಂತು. ಕೋವಿಡ್ ಕಾಲದಲ್ಲಿ ಚಂದನ ವಾಹಿನಿಯ ಪಾಠ ನೀವೇ ನೋಡಿದ್ದೀರಿ. ಅಲ್ಲೆಲ್ಲ ಪಾಠ ಬಂದ ಹಾಗೆ ನೋಡಬೇಕಿತ್ತು, ನಡುವೆ ನಿಲ್ಲಿಸುವಂತಿರಲಿಲ್ಲ. ನಿಮ್ಮ ಕೈಯಲ್ಲಿ ರಿಮೋಟ್ ಇದೆ. ಅದರ ಗುಂಡಿಗಳಲ್ಲೆಲ್ಲ ಮೇಷ್ಟ್ರಿಗೆ ಹೆಚ್ಚು ಬೇಕಾದದ್ದು ನಿಲ್ಲಿಸುವ ಗುಂಡಿ.

ಬೇರಿನ ಪಾಠವನ್ನೇ ಮತ್ತೆ ಮಾಡಿ ನೋಡಿ. ಹಿಂದಿನ ದಿನ ಮಕ್ಕಳಿಗೆ ಹೇಳಿ: ಬೇಲಿ ಪಕ್ಕದ ಒಂದು ತುಂಬೆ ಗಿಡ, ಒಂದು ಹಿಡಿ ಗರಿಕೆ, ಎರಡನ್ನೂ ಬೇರು ಹರಿಯದಂತೆ ಕಿತ್ತು ತನ್ನಿ. ಮಣ್ಣು ತೊಳೆದು ಹಳೇ ಪತ್ರಿಕೆಯ ಮೇಲೆ ಹರಡಲಿ. ತುಂಬೆಗೆ ನಡುವೆ ಒಂದು ದಪ್ಪ ಬೇರು, ಗರಿಕೆಗೆ ಕೂದಲಂತೆ ಗೊಂಚಲು. ‘ತೆಂಗು ಯಾವುದರ ಕಡೆ?’ ಎಂದು ಕೇಳಿ. ಮರ ದೊಡ್ಡದು, ಹಾಗಾಗಿ ತಾಯಿಬೇರೇ ಇರಬೇಕು ಎಂದು ಅರ್ಧ ತರಗತಿ ಕೈ ಎತ್ತುತ್ತದೆ. ಗಾಳಿಗೆ ಬುಡಮೇಲಾದ ತೆಂಗಿನ ಮರ ನೋಡಿದ ಹುಡುಗನೊಬ್ಬ ಅಲ್ಲಿ ಇದ್ದೇ ಇರುತ್ತಾನೆ. ಬುಡದ ತುಂಬ ಹಗ್ಗ ಹಗ್ಗದ ಹಾಗೆ ಬೇರು, ನಡುವೆ ಕಂಬದಂಥದ್ದು ಯಾವುದೂ ಇಲ್ಲ ಎಂದು ಅವನೇ ಹೇಳಲಿ. ಆಮೇಲೆ ತೆಂಗಿನ ಗರಿಯ ಒಂದು ಎಳೆ, ಹಲಸಿನ ಎಲೆ ಎರಡನ್ನೂ ಬೆಳಕಿಗೆ ಹಿಡಿಸಿ. ತಂತುಬೇರಿರುವ ಗಿಡದ ಎಲೆಯಲ್ಲಿ ನರಗಳು ಸಾಲಾಗಿ ಓಡುತ್ತವೆ, ತಾಯಿಬೇರಿನದರಲ್ಲಿ ಬಲೆಯಂತೆ ಹರಡುತ್ತವೆ. ಇಷ್ಟಕ್ಕೆ ಟಿ.ವಿ. ಏಕೆ?

ಈಗ ಟಿ.ವಿ. ಹಾಕಿ. ಬೇರುರೋಮಗಳ ಮೂಲಕ ನೀರು ಒಳಗೆ ಹೋಗುವುದನ್ನು ತೋಟದಲ್ಲಿ ನಿಂತು ತೋರಿಸಲಾಗದು. ಅದಕ್ಕೆ ಎರಡು ನಿಮಿಷದ ತುಣುಕು ಸಾಕು. ‘ನೀರು ಎಲ್ಲಿಂದ ಒಳಗೆ ಹೋಗುತ್ತದೆ, ಹುಡುಕಿ’ ಎಂಬ ಪ್ರಶ್ನೆಯನ್ನು ಮೊದಲೇ ಹಲಗೆಯ ಮೇಲೆ ಬರೆದಿಡಿ. ಶಬ್ದ ಪೂರ್ತಿ ಆರಿಸಿ, ನೀವೇ ಹೇಳಿ; ನಿಮ್ಮ ಮಾತು ನಿಮ್ಮ ಮಕ್ಕಳಿಗೆ ಅರ್ಥವಾದಷ್ಟು ವಿಡಿಯೊದ ಪುಸ್ತಕದ ಭಾಷೆ ಆಗುವುದಿಲ್ಲ. ನಡುವೆ ನಿಲ್ಲಿಸಿ, ‘ಮುಂದೇನಾಗುತ್ತದೆ?’ ಎಂದು ಕೇಳಿ. ಆರಿಸಿದ ಮೇಲೆ ಪುಸ್ತಕ ಮುಚ್ಚಿ ಚಿತ್ರ ಬರೆಸಿ. ತೆಂಗಿನ ಬೇರಿಗೆ ರೋಮಗಳೇ ಇಲ್ಲ, ಬೇರಿನ ತುದಿಯ ಹಿಂದಿನ ಮೃದು ಭಾಗವೇ ನೀರು ಹೀರುತ್ತದೆ ಎಂದು ಕೊನೆಗೊಂದು ಕೊಸರು ಸೇರಿಸಿದರೆ ಪ್ರಶ್ನೆಗಳು ಮಕ್ಕಳ ಕಡೆಯಿಂದಲೇ ಬರುತ್ತವೆ. ಕೈಗೆ ಸಿಗುವುದನ್ನು ಕೈಗೇ ಕೊಡಿ. ಕಣ್ಣಿಗೆ ಕಾಣದಷ್ಟು ಸಣ್ಣದು, ಹೋಗಲಾರದಷ್ಟು ದೂರದ್ದು, ಕಾದು ನೋಡಲಾಗದಷ್ಟು ನಿಧಾನದ್ದು, ಇವಿಷ್ಟನ್ನು ಟಿ.ವಿ.ಗೆ ಬಿಡಿ.

ಗೋಡೆ ತುಂಬಿಸುವ ವಿಷಯಕ್ಕೆ ಬರೋಣ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಪುಟ್ಟ ಮಕ್ಕಳಿಗೆ ಚಿತ್ರಗಳಿಂದ ಕಿಕ್ಕಿರಿದ ಕೋಣೆಯಲ್ಲಿ ಕೆಲವು ವಿಜ್ಞಾನ ಪಾಠ, ಬೋಳು ಗೋಡೆಯ ಕೋಣೆಯಲ್ಲಿ ಕೆಲವು ಪಾಠ ಮಾಡಿದರು. ಪಾಠದ ನಂತರದ ಪ್ರಶ್ನೆಗಳಿಗೆ ಬೋಳು ಕೋಣೆಯಲ್ಲಿ ಶೇ 55 ಸರಿಯುತ್ತರ, ತುಂಬಿದ ಕೋಣೆಯಲ್ಲಿ ಶೇ 42. ಅಧ್ಯಯನ ಚಿಕ್ಕದು, ಮಕ್ಕಳೂ ಚಿಕ್ಕವರು. ಆದರೂ ನಿಮ್ಮ ರಾತ್ರಿಯ ಥರ್ಮಾಕೋಲ್ ಕೆಲಸ ನಿಲ್ಲಿಸಲು ಇಷ್ಟು ಸಾಕು.

ಹಾಗೆಂದು ಗೋಡೆಯೇ ಬೇಡವೆಂದಲ್ಲ. ನಿಮ್ಮ ಶಾಲೆಯ ನಲಿಕಲಿ ಕೋಣೆಯನ್ನೇ ಒಮ್ಮೆ ನೋಡಿಬನ್ನಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ಕಪ್ಪು ಹಲಗೆ ಮಕ್ಕಳ ಕೈಗೆಟುಕುವಷ್ಟು ತಗ್ಗಿನಲ್ಲಿರುತ್ತದೆ, ಅವರು ಬರೆದ ಚಿತ್ರಗಳು ಚಪ್ಪರದ ದಾರಕ್ಕೆ ತೂಗುತ್ತವೆ. ಅಂಗಡಿಯಿಂದ ತಂದದ್ದು ಅಲ್ಲಿ ಕಡಿಮೆ, ಮಕ್ಕಳು ಮಾಡಿದ್ದು ಹೆಚ್ಚು. ಆರು, ಏಳನೇ ತರಗತಿಗೂ ಅದೇ ನಡೆಯುತ್ತದೆ.

ಒಂದೇ ಒಂದು ಫಲಕ ಇಟ್ಟುಕೊಳ್ಳಿ, ಮಕ್ಕಳ ಕಣ್ಣಿನ ಎತ್ತರಕ್ಕೆ, ಕೊನೇ ಬೆಂಚಿಗೂ ಓದಲು ಬರುವಂತೆ. ಅದರ ನೆತ್ತಿಯಲ್ಲಿ ಪಾಠದ ಶೀರ್ಷಿಕೆ ಬೇಡ, ಪ್ರಶ್ನೆ ಬರೆಯಿರಿ. ಪಾಠ ಮುಗಿದ ದಿನ ಇಳಿಸಿಬಿಡಿ. ತಿಂಗಳುಗಟ್ಟಲೆ ನೇತಾಡುವ ಚಾರ್ಟನ್ನು ಯಾರೂ ನೋಡುವುದಿಲ್ಲ. ಗಣಿತದವರ ಜೊತೆ ಸೇರಿದರೆ ಇನ್ನೊಂದು ಮಾಡಬಹುದು. ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ ದರ ನಿಮ್ಮ ಮಕ್ಕಳ ಮನೆಯಲ್ಲಿ ದಿನವೂ ಮಾತಿಗೆ ಬರುವ ವಿಷಯ. ವಾರವಾರ ಆ ದರವನ್ನು ಅವರೇ ಗ್ರಾಫ್ ಹಾಳೆಯಲ್ಲಿ ಗುರುತಿಸಲಿ. 2025ರ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಇತ್ತು. ಅಲ್ಲೊಂದು ಕೆಂಪು ಗೆರೆ ಎಳೆಸಿ. ದರ ಗೆರೆಯಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಲೆಕ್ಕ ಹಾಕುವಷ್ಟರಲ್ಲಿ ಶೇಕಡಾ ಪಾಠ ಮುಗಿದಿರುತ್ತದೆ. ಸಮಾಜ ವಿಜ್ಞಾನಕ್ಕೆ ರೈಲ್ವೆ ಸ್ಟೇಷನ್ನಿನ ಹಳದಿ ಫಲಕವೇ ಇದೆ. ನಿಟ್ಟೂರು, ಅಮ್ಮಸಂದ್ರ, ಬಾಣಸಂದ್ರ, ತಿಪಟೂರು ಫಲಕಗಳಲ್ಲಿ ಬರೆದಿರುವ ಸಮುದ್ರಮಟ್ಟದ ಎತ್ತರವನ್ನು ಊರಿಗೆ ಹೋದವರು ಬರೆದು ತಂದರೆ, ನೆಲದ ಏರಿಳಿತದ ನಕ್ಷೆ ಮಕ್ಕಳ ಕೈಯಲ್ಲೇ ಮೂಡುತ್ತದೆ. ಇದಾವುದಕ್ಕೂ ನಿಮ್ಮ ಸಂಬಳ ಮುಟ್ಟಬೇಡಿ. ಹಾಳೆ, ಬಣ್ಣ ಬೇಕಾದರೆ ಶಾಲಾ ಅನುದಾನದಲ್ಲಿ ಕೇಳಿ, ಎಸ್‌ಡಿಎಂಸಿ ಸಭೆಯಲ್ಲಿ ಹೇಳಿ.

ಕೊನೆಗೆ ಜನರ ವಿಷಯ. ಹೆಡ್‌ಮಾಸ್ಟರನ್ನು ಒಬ್ಬರೇ ಇದ್ದಾಗ ಕಾಣಿ. ‘ಸರ್, ಎಲ್ಲರೆದುರು ಹಾಗಂದದ್ದು ನೋವಾಯಿತು’ ಎಂದು ನೇರವಾಗಿ ಹೇಳಿ, ಹಿಂದೆಯೇ ‘ಒಂದು ಪಾಠ ಬಂದು ನೋಡಿ ಸರ್’ ಎಂದು ಕರೆಯಿರಿ. ಅವರಿಗೂ ಮೇಲಿನಿಂದ ಒತ್ತಡ ಇದೆ. ಮಕ್ಕಳು ಫಲಕದ ಮುಂದೆ ನಿಂತು ತಾವೇ ವಿವರಿಸಿದರೆ ಬಂದ ಅಧಿಕಾರಿಗೂ ಅದು ಖಾಲಿ ಗೋಡೆ ಅನ್ನಿಸದು. ಅತಿಥಿ ಶಿಕ್ಷಕರನ್ನು ಎದುರಾಳಿ ಮಾಡಿಕೊಳ್ಳಬೇಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾ ತೆರೆಯುವುದು, ಬೇಕಾದಷ್ಟೇ ತುಣುಕು ಆರಿಸುವುದು ಅವರಿಂದ ಕಲಿಯಿರಿ. ಎಲ್ಲಿ ನಿಲ್ಲಿಸಿ ಏನು ಕೇಳಬೇಕು ಎಂಬುದು ನಿಮ್ಮಿಂದ ಅವರಿಗೆ ಸಿಗಲಿ. ಮಕ್ಕಳು ಟಿ.ವಿ. ಕೇಳಿದರೆ ಬೇಸರಿಸಬೇಡಿ. ಅವರು ನಿಮ್ಮನ್ನು ಬೇಡವೆಂದಿಲ್ಲ, ‘ನೀವೂ ಹಾಕಿ’ ಎಂದಿದ್ದಾರೆ.

ವಿಆರ್‌ಎಸ್ ಅನ್ನು ಪಿಂಚಣಿ, ಆರೋಗ್ಯ, ಮನೆಯ ಪರಿಸ್ಥಿತಿ ನೋಡಿ ತೀರ್ಮಾನಿಸಿ, ಟಿ.ವಿ.ಗೆ ಹೆದರಿ ಅಲ್ಲ. ರಿಮೋಟ್ ಹಿಡಿಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಮಕ್ಕಳ ಮುಖ ನೋಡಿ ಅರ್ಥವಾಗಿಲ್ಲ ಎಂದು ಹಿಡಿಯುವ ಕಣ್ಣು ನಿಮಗಿದೆ. ಮನೆಯವರಿಗೆ ಈ ವರ್ಷ ಮುಗಿಯುವವರೆಗೆ ಕಾಯಲು ಹೇಳಿ. ಬೇರಿನ ಪಾಠ ಮತ್ತೊಮ್ಮೆ ಮಾಡಿ, ಅದೇ ಪ್ರಶ್ನೆ ಕೇಳಿ. ಏನು ಉತ್ತರ ಬಂತೆಂದು ನಮಗೂ ಬರೆಯಿರಿ.